ಮೀಟರ್ ಬೋರ್ಡಿಗೆ ಎಲ್‌ಇಡಿ ಹಾಕ್ತೀರಾ? ಆ ಎರಡು ಕೆಂಪು ದೀಪ ಮುಟ್ಟೋ ಮುಂಚೆ ಇದನ್ನು ಓದಿ

ಮೊಬೈಲಲ್ಲಿ ವಿಡಿಯೋ ನೋಡಿ ಗಾಡಿಯ ಮೀಟರ್ ಬೋರ್ಡಿಗೆ ನೀಲಿ, ಬಿಳಿ ಎಲ್‌ಇಡಿ ಹಾಕಿಸೋದು ಈಗ ನಮ್ಮ ಹಳ್ಳಿಗಳಲ್ಲೂ ಜೋರಾಗಿದೆ. ಹಳೆ ವ್ಯಾನು, ಕಾರು, ಪಿಕಪ್, ಟ್ರ್ಯಾಕ್ಟರ್ ಯಾವುದನ್ನೂ ಬಿಟ್ಟಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ. ಹಳೆ ಬಲ್ಬಿನ ಮಂಕು ಹಳದಿ ಬೆಳಕಿಗಿಂತ ಎಲ್‌ಇಡಿ ಚೆನ್ನಾಗಿ ಕಾಣುತ್ತೆ, ಬೇಗ ಸುಡೋದಿಲ್ಲ, ಕರೆಂಟೂ ಕಡಿಮೆ ಎಳೆಯುತ್ತೆ. ಕೆಲಸವೂ ಕಷ್ಟದ್ದಲ್ಲ, ಒಂದು ಸ್ಕ್ರೂಡ್ರೈವರ್ ಮತ್ತು ಅರ್ಧ ದಿನ ಬಿಡುವಿದ್ದರೆ ನೀವೇ ಮಾಡ್ಕೋಬಹುದು.

ಆದರೆ ಮೀಟರ್ ಬೋರ್ಡಿನಲ್ಲಿರೋ ಎಲ್ಲ ದೀಪಗಳೂ ಒಂದೇ ಅಲ್ಲ. ಅದರಲ್ಲಿ ಎರಡು ದೀಪ ಅಂದಕ್ಕೆ ಇರೋದಲ್ಲ, ಇಂಜಿನ್ ಕಾಯೋಕೆ ಇರೋದು. ಅವನ್ನು ಗೊತ್ತಿಲ್ಲದೆ ಬದಲಾಯಿಸಿದರೆ ಆಗೋ ಖರ್ಚು ಬಲ್ಬಿನದ್ದಲ್ಲ, ಬ್ಯಾಟರಿಯದ್ದು. ಹಣೆಬರಹ ಕೆಟ್ಟಿದ್ದರೆ ಇಡೀ ಇಂಜಿನ್‌ದು. ನಾನು ನಮ್ಮ ಮನೆಯ ವ್ಯಾನಿಗೂ ಟ್ರ್ಯಾಕ್ಟರಿಗೂ ಈ ಕೆಲಸ ಮಾಡಿದ್ದೀನಿ, ಅಕ್ಕಪಕ್ಕದವರ ಗಾಡಿಗೂ ಮಾಡಿಕೊಟ್ಟಿದ್ದೀನಿ. ಕೈಯಾರೆ ಮಾಡಿ ತಿಳಿದದ್ದನ್ನು ಇಲ್ಲಿ ಕ್ರಮವಾಗಿ ಹೇಳ್ತೀನಿ.

ಮೊದಲು ದೀಪಗಳನ್ನು ಎರಡು ಗುಂಪು ಮಾಡ್ಕೊಳ್ಳಿ

ಒಂದನೇ ಗುಂಪು ಬೆಳಕಿನ ದೀಪಗಳು. ಹೆಡ್‌ಲೈಟ್ ಅಥವಾ ಪಾರ್ಕಿಂಗ್ ಲೈಟ್ ಹಾಕಿದಾಗ ಸ್ಪೀಡೋಮೀಟರ್, ಡೀಸೆಲ್ ಮುಳ್ಳು, ಟೆಂಪರೇಚರ್ ಮುಳ್ಳು ಕಾಣೋ ಹಾಗೆ ಹಿಂದಿನಿಂದ ಬೆಳಕು ಕೊಡೋ ಬಲ್ಬುಗಳಿವು. ಹೋದರೆ ರಾತ್ರಿ ಮೀಟರ್ ಕಾಣಲ್ಲ, ಅಷ್ಟೇ. ಎಲ್‌ಇಡಿ ಹಾಕೋದಕ್ಕೆ ಹೇಳಿ ಮಾಡಿಸಿದ ಜಾಗ ಇದು.

ಎರಡನೇ ಗುಂಪು ಎಚ್ಚರಿಕೆಯ ದೀಪಗಳು. ಎಣ್ಣೆ ಡಬ್ಬಿ ಚಿತ್ರದ ಕೆಂಪು ದೀಪ ಆಯಿಲ್ ಪ್ರೆಶರ್‌ದು. ಬ್ಯಾಟರಿ ಚಿತ್ರದ ಕೆಂಪು ದೀಪ ಚಾರ್ಜಿಂಗ್‌ದು. ಇವುಗಳ ಜೊತೆಗೆ ಹೈಬೀಮ್‌ನ ನೀಲಿ, ಇಂಡಿಕೇಟರ್‌ನ ಹಸಿರು, ಹ್ಯಾಂಡ್‌ಬ್ರೇಕ್‌ನ ಕೆಂಪು ದೀಪಗಳೂ ಇರ್ತವೆ.

ಈಗಲೇ ಒಂದು ಪರೀಕ್ಷೆ ಮಾಡಿ. ಗಾಡಿಯ ಕೀ ಹಾಕಿ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಆಯಿಲ್ ದೀಪ, ಬ್ಯಾಟರಿ ದೀಪ ಎರಡೂ ಕೆಂಪಗೆ ಹತ್ತಬೇಕು. ಇಂಜಿನ್ ಸ್ಟಾರ್ಟ್ ಆದ ಕೆಲವೇ ಕ್ಷಣದಲ್ಲಿ ಎರಡೂ ಆರಬೇಕು. ಕೀ ಆನ್ ಮಾಡಿದಾಗ ಹತ್ತದೇ ಇದ್ದರೆ "ಏನೂ ತೊಂದರೆ ಇಲ್ಲ" ಅಂತ ಅರ್ಥ ಅಲ್ಲ. ಬಲ್ಬ್ ಸುಟ್ಟಿರಬಹುದು, ವೈರ್ ಬಿಟ್ಟಿರಬಹುದು, ಸ್ವಿಚ್ ಕೆಟ್ಟಿರಬಹುದು. ಕಾವಲುಗಾರ ಮಲಗಿದ್ದಾನೆ ಅಂತ ಅರ್ಥ.

ಆಯಿಲ್ ದೀಪ ಕೆಲಸ ಮಾಡೋ ರೀತಿ ಸರಳ. ದೀಪದ ಒಂದು ಕಡೆಗೆ ಕೀ ಆನ್ ಮಾಡಿದಾಗ 12 ವೋಲ್ಟ್ ಬರುತ್ತೆ. ಇನ್ನೊಂದು ಕಡೆ ಇಂಜಿನ್ ಮೇಲಿರೋ ಆಯಿಲ್ ಪ್ರೆಶರ್ ಸ್ವಿಚ್‌ಗೆ ಹೋಗುತ್ತೆ. ಪ್ರೆಶರ್ ಇಲ್ಲದಾಗ ಆ ಸ್ವಿಚ್ ವೈರನ್ನು ಅರ್ಥ್ ಮಾಡುತ್ತೆ, ದೀಪ ಹತ್ತುತ್ತೆ. ಪ್ರೆಶರ್ ಬಂದಾಗ ಸ್ವಿಚ್ ಬಿಡುತ್ತೆ, ದೀಪ ಆರುತ್ತೆ. ಬಲ್ಬೇ ಇಲ್ಲದಿದ್ದರೆ ಎಣ್ಣೆ ಪೂರ್ತಿ ಖಾಲಿಯಾದರೂ ನಿಮಗೆ ಗೊತ್ತಾಗೋದಿಲ್ಲ.

ನಮ್ಮ ಪಕ್ಕದ ಜಮೀನಿನ ಗೆಳೆಯನ ಟ್ರ್ಯಾಕ್ಟರಿಗೆ ಆದದ್ದು ಇದೇ. ಪೇಟೆಯ ಒಂದು ಅಂಗಡಿಯಲ್ಲಿ ಮೀಟರ್ ಬೋರ್ಡಿಗೆ ಎಲ್ಲ ಕಡೆ ಎಲ್‌ಇಡಿ ಹಾಕಿಸಿದ್ದ. ಆಯಿಲ್ ದೀಪದ ಎಲ್‌ಇಡಿಯನ್ನು ತಿರುಗುಮುರುಗು ಕೂರಿಸಿದ್ದರು. ಹತ್ತುತ್ತಲೇ ಇರಲಿಲ್ಲ, ಯಾರೂ ಗಮನಿಸಲಿಲ್ಲ. ಮುಂದೆ ಆಯಿಲ್ ಫಿಲ್ಟರ್ ಹತ್ತಿರ ಸೋರಿಕೆ ಶುರುವಾಯ್ತು. ಕಬ್ಬಿನ ಕೂಳೆ ಗದ್ದೆಗೆ ರೋಟವೇಟರ್ ಹೊಡೀತಿದ್ದಾಗ ಇಂಜಿನ್ ಒಳಗೆ ಕಟಕಟ ಸದ್ದು ಬಂದು ಹಿಡಿದುಕೊಂಡಿತು. ಬೇರಿಂಗ್ ತಿಂದುಹೋಗಿ ಕ್ರ್ಯಾಂಕ್ ಶಾಫ್ಟ್ ಗೀರಿತ್ತು. ಬಿತ್ತನೆ ಹದದ ದಿನಗಳಲ್ಲಿ ಟ್ರ್ಯಾಕ್ಟರ್ ಶೆಡ್ಡಲ್ಲಿ ಬಿಚ್ಚಿಕೊಂಡು ಕೂತಿತ್ತು. ಬಾಡಿಗೆಗೆ ಬೇರೆಯವರ ಗಾಡಿ ತಂದು ಉಳುಮೆ ಮಾಡಿಸಿದ. ಸಾಲದ ಕಂತು ಮಾತ್ರ ಅವನ ಗಾಡಿ ಹೆಸರಲ್ಲೇ ಕಟ್ಟಬೇಕಾಯ್ತು.

ಬಿಚ್ಚೋ ಮುಂಚೆ ಫ್ಯೂಸ್ ನೋಡಿ

ಮೀಟರ್ ಬೆಳಕು ಪೂರ್ತಿ ಹೋಗಿದೆ ಅಂದ್ರೆ ಎಲ್ಲ ಬಲ್ಬುಗಳೂ ಒಂದೇ ದಿನ ಸುಟ್ಟಿರೋದು ಅಪರೂಪ. ಹೆಚ್ಚಿನ ಗಾಡಿಗಳಲ್ಲಿ ಮೀಟರ್ ಬೆಳಕು, ಪಾರ್ಕಿಂಗ್ ಲೈಟ್, ಹಿಂದಿನ ಟೇಲ್ ಲೈಟ್ ಒಂದೇ ಫ್ಯೂಸಿನಲ್ಲಿ ಇರ್ತವೆ. ಮೊದಲು ಆ ಫ್ಯೂಸ್ ನೋಡಿ. ಬೆಳಕು ಹೆಚ್ಚುಕಡಿಮೆ ಮಾಡೋ ತಿರುಗುಣಿ ಇದ್ದರೆ ಅದು ಕಡಿಮೆಗೆ ತಿರುಗಿದೆಯಾ ನೋಡಿ. ಒಂದೆರಡು ಕಡೆ ಮಾತ್ರ ಕತ್ತಲಾಗಿದ್ದರೆ ಬಲ್ಬಿನದ್ದೇ ತೊಂದರೆ ಇರಬಹುದು, ಇಲ್ಲವೇ ಹೋಲ್ಡರ್ ಕಿಲುಬು ಹಿಡಿದಿರಬಹುದು. ಟ್ರ್ಯಾಕ್ಟರ್‌ಗೆ ಪ್ರೆಶರ್ ನೀರು ಹೊಡೆದು ತೊಳೆಯೋರು ಮೀಟರ್ ಕಡೆಗೆ ನೀರು ಬಿಡಬೇಡಿ. ಹೋಲ್ಡರ್ ಹಸಿರು ಕಿಲುಬು ಹಿಡಿಯೋದೇ ಅದರಿಂದ.

ಯಾವ ಬಲ್ಬ್ ತರಬೇಕು?

ಹಳೆ ಬಲ್ಬನ್ನು ಕಿತ್ತು ಕೈಯಲ್ಲಿ ಹಿಡ್ಕೊಂಡೇ ಅಂಗಡಿಗೆ ಹೋಗಿ. ಬುಡದಲ್ಲಿ ಲೋಹದ ಟೋಪಿ ಇಲ್ಲದೆ ಗಾಜೇ ಚಪ್ಪಟೆಯಾಗಿರೋದನ್ನು ವೆಡ್ಜ್ ಬಲ್ಬ್ ಅಂತಾರೆ. ದೊಡ್ಡದು ಟಿ 10, ಚಿಕ್ಕದು ಟಿ 5. ಟಿ 5 ಸಾಮಾನ್ಯವಾಗಿ 1.2 ವ್ಯಾಟ್ ಇರುತ್ತೆ. ಟಿ 10ರಲ್ಲಿ 3 ವ್ಯಾಟ್, 5 ವ್ಯಾಟ್ ಎರಡೂ ಸಿಗ್ತವೆ. ಬಲ್ಬಿನ ಬುಡದಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತೆ, ಕಾಣದಿದ್ದರೆ ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ನೋಡಿ. 3 ವ್ಯಾಟ್ ಇದ್ದ ಕಡೆ "5 ವ್ಯಾಟ್ ಹಾಕಿ, ಜಾಸ್ತಿ ಬೆಳಕು ಬರುತ್ತೆ" ಅಂದ್ರೆ ಒಪ್ಪಬೇಡಿ. ಆ ಬಿಸಿಗೆ ಒಳಗಿನ ಪ್ಲಾಸ್ಟಿಕ್ ಬಾಗುತ್ತೆ, ಬಣ್ಣದ ಹಾಳೆ ಸುಕ್ಕಾಗುತ್ತೆ.

ಎಲ್‌ಇಡಿ ತರೋವಾಗ ನಾಲ್ಕು ವಿಷಯ ನೆನಪಿರಲಿ.

ಒಂದು, ಅದರ ಮೇಲೆ 12 ವೋಲ್ಟ್ ಅಂತ ಇರಬೇಕು. ಅಂಥದ್ದರೊಳಗೆ ರೆಸಿಸ್ಟರ್ ಮೊದಲೇ ಇರುತ್ತೆ. ಬಿಡಿ ಎಲ್‌ಇಡಿಯನ್ನು ನೇರ ಬ್ಯಾಟರಿಗೆ ಕೊಟ್ಟರೆ ಒಂದೇ ಕ್ಷಣದಲ್ಲಿ ಹೋಗುತ್ತೆ. ಕೆಂಪು ಎಲ್‌ಇಡಿಗೆ ಬೇಕಾಗೋದು ಸುಮಾರು 2 ವೋಲ್ಟ್, ಬಿಳಿಗೆ ಸುಮಾರು 3 ವೋಲ್ಟ್ ಮಾತ್ರ. ಗಾಡಿ ಓಡೋವಾಗ ಬರೋದು 14 ವೋಲ್ಟ್ ಆಸುಪಾಸು.

ಎರಡು, ಬೆಳಕು ಸುತ್ತಲೂ ಹರಡೋ ಹಾಗಿರಬೇಕು. ಹಳೆ ಬಲ್ಬ್ ಎಲ್ಲ ದಿಕ್ಕಿಗೂ ಬೆಳಕು ಕೊಡುತ್ತೆ. ತಲೆಯಲ್ಲಿ ಮಾತ್ರ ಒಂದು ಚಿಪ್ ಇರೋ ಎಲ್‌ಇಡಿ ಟಾರ್ಚಿನ ಹಾಗೆ ನೇರಕ್ಕೆ ಹೊಡೆಯುತ್ತೆ. ಆಗ ಮೀಟರಿನ ಒಂದು ಕಡೆ ಕಣ್ಣು ಕುಕ್ಕೋ ಚುಕ್ಕೆ, ಇನ್ನೊಂದು ಕಡೆ ಕತ್ತಲು. ಪಕ್ಕಗಳಲ್ಲೂ ಚಿಪ್ ಇರೋದನ್ನೇ ಕೇಳಿ.

ಮೂರು, ಬಣ್ಣ. ಬಿಳಿ ಎಲ್‌ಇಡಿ ಅಂದ್ರೆ ಒಳಗೆ ನೀಲಿ ಚಿಪ್ ಇದ್ದು, ಅದರ ಮೇಲೆ ಹಳದಿ ಬೆಳಕು ಕೊಡೋ ಲೇಪ ಇರುತ್ತೆ. ಈ ನೀಲಿ ಎಲ್‌ಇಡಿ ಮಾಡಿದ್ದಕ್ಕೇ ಜಪಾನಿನಲ್ಲಿ ಹುಟ್ಟಿದ ಅಕಾಸಾಕಿ, ಅಮಾನೊ, ನಕಮುರಾ ಎಂಬ ಮೂವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಸಿಕ್ಕಿತು. ಆದರೆ ಅಚ್ಚಬಿಳಿ ಎಲ್‌ಇಡಿಯ ಬೆಳಕಿನಲ್ಲಿ ಕೆಂಪಿನ ಪಾಲು ಕಡಿಮೆ. ಅದನ್ನು ಕೆಂಪು ಚಿತ್ರದ ಹಿಂದೆ ಹಾಕಿದರೆ ಮಂಕಾಗಿ, ಗುಲಾಬಿ ಥರ ಕಾಣುತ್ತೆ. ಹಗಲಲ್ಲಂತೂ ಕಾಣೋದೇ ಕಷ್ಟ. ಕೆಂಪು ಚಿತ್ರದ ಹಿಂದೆ ಕೆಂಪು ಎಲ್‌ಇಡಿ, ಹಸಿರಿನ ಹಿಂದೆ ಹಸಿರು ಹಾಕಿ.

ನಾಲ್ಕು, ಎಲ್‌ಇಡಿಗೆ ಪ್ಲಸ್, ಮೈನಸ್ ಇದೆ. ತಿರುಗುಮುರುಗು ಹಾಕಿದರೆ ಹತ್ತಲ್ಲ. ಕಿತ್ತು ಅರ್ಧ ಸುತ್ತು ತಿರುಗಿಸಿ ಹಾಕಿದರೆ ಹತ್ತುತ್ತೆ. ನನ್ನ ಗೆಳೆಯನ ಟ್ರ್ಯಾಕ್ಟರಿನಲ್ಲಿ ಬೇಕಾಗಿದ್ದದ್ದು ಈ ಅರ್ಧ ಸುತ್ತು ಮಾತ್ರ.

ಬಿಚ್ಚುವ ಕ್ರಮ

ಕೀ ತೆಗೆದು ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ. ಏರ್‌ಬ್ಯಾಗ್ ಇರೋ ಕಾರಾದರೆ ವೈರ್ ಬಿಚ್ಚಿದ ಮೇಲೆ ಹತ್ತು ನಿಮಿಷ ಕಾಯಿರಿ, ಸ್ಟೀರಿಂಗ್ ಬಿಚ್ಚೋ ಗೋಜಿಗೆ ಹೋಗಬೇಡಿ. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ, ಸರ್ವಿಸ್ ಸೆಂಟರಿಗೇ ಬಿಡಿ.

ಪ್ರತಿ ಹಂತದಲ್ಲೂ ಫೋಟೋ ತೆಗೆಯಿರಿ. ಕಿಲೋಮೀಟರ್ ಅಥವಾ ಗಂಟೆಯ ರೀಡಿಂಗ್‌ದು ಮೊದಲ ಫೋಟೋ. ಆಮೇಲೆ ಸ್ಕ್ರೂಗಳು ಎಲ್ಲೆಲ್ಲಿದ್ದವು, ಯಾವ ಕನೆಕ್ಟರ್ ಯಾವ ಕಡೆ ಇತ್ತು, ಹಿಂದಿನ ಬಲ್ಬುಗಳ ಸಾಲು. ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ತಟ್ಟೆಯಲ್ಲಿ ಇಡಿ.

ಮೀಟರಿನ ಸುತ್ತಿನ ಪ್ಲಾಸ್ಟಿಕ್ ಚೌಕಟ್ಟು ತೆಗೆದು, ಒಳಗಿನ ಸ್ಕ್ರೂ ಬಿಚ್ಚಿ, ಮೀಟರನ್ನು ನಿಧಾನವಾಗಿ ನಿಮ್ಮ ಕಡೆ ಎಳೆಯಿರಿ. ಪೂರ್ತಿ ಬರದಿದ್ದರೆ ಬಲ ಹಾಕಬೇಡಿ. ಹಳೆ ಗಾಡಿಗಳಲ್ಲಿ ಹಿಂದುಗಡೆ ಸ್ಪೀಡೋಮೀಟರ್ ಕೇಬಲ್ ಇರುತ್ತೆ. ಟ್ರ್ಯಾಕ್ಟರಲ್ಲಾದರೆ ಆರ್‌ಪಿಎಂ ಮೀಟರಿನ ಕೇಬಲ್ ಇರಬಹುದು. ಕ್ಲಿಪ್ ಇದ್ದರೆ ಒತ್ತಿ, ನಟ್ ಇದ್ದರೆ ತಿರುಗಿಸಿ ಬಿಡಿಸ್ಕೊಳ್ಳಿ. ಕನೆಕ್ಟರನ್ನು ಅದರ ತಲೆ ಹಿಡಿದು ಬಿಡಿಸಿ, ವೈರ್ ಹಿಡಿದು ಎಳೀಬೇಡಿ.

ಮೀಟರನ್ನು ಮೆತ್ತನೆ ಬಟ್ಟೆ ಮೇಲೆ ಬೋರಲು ಹಾಕಿ. ಹಿಂದೆ ಗುಂಡಗೆ ಕಾಣೋದು ಬಲ್ಬ್ ಹೋಲ್ಡರ್‌ಗಳು. ಕಾಲು ಸುತ್ತು ತಿರುಗಿಸಿದರೆ ಹೋಲ್ಡರ್ ಈಚೆ ಬರುತ್ತೆ. ಬಲ್ಬನ್ನು ನೇರಕ್ಕೆ ಎಳೆದರೆ ಬಿಡುತ್ತೆ. ಹಿಂದಿನ ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ತಾಮ್ರದ ಗೆರೆಗಳು ಇರ್ತವೆ, ವೈರಿಂಗ್ ಅಂದ್ರೆ ಅವೇ. ಕಪ್ಪಾಗಿದ್ದರೆ ಮಕ್ಕಳು ಪೆನ್ಸಿಲ್ ಅಳಿಸೋ ರಬ್ಬರಿನಿಂದ ಹಗುರಾಗಿ ಉಜ್ಜಿ. ಬ್ಲೇಡಿನಿಂದ ಕೆರೆದರೆ ತಾಮ್ರವೇ ಕಿತ್ತು ಬರುತ್ತೆ.

ಎಲ್‌ಇಡಿಯ ಬುಡದಲ್ಲಿ ಎರಡೂ ಕಡೆ ಮಡಿಸಿದ ತಂತಿಗಳಿರ್ತವೆ. ಹೋಲ್ಡರಿಗೆ ಸರಿಯಾಗಿ ತಾಗೋ ಹಾಗೆ ಅವನ್ನು ಸ್ವಲ್ಪ ಅಗಲ ಮಾಡಿ, ಒಂದಕ್ಕೊಂದು ಮಾತ್ರ ತಾಗಬಾರದು. ತಾಗಿದರೆ ಫ್ಯೂಸ್ ಹೋಗುತ್ತೆ. ಮುಂದಿನ ಗಾಜು ತೆಗೆಯಬೇಡಿ, ಮುಳ್ಳನ್ನು ಮುಟ್ಟಬೇಡಿ. ಕಿತ್ತ ಮುಳ್ಳನ್ನು ಒಂದು ಕೂದಲಷ್ಟು ಆಚೀಚೆ ಕೂರಿಸಿದರೂ ಸ್ಪೀಡು ತಪ್ಪು ತೋರಿಸುತ್ತೆ.

ಬ್ಯಾಟರಿ ದೀಪಕ್ಕೆ ಎಲ್‌ಇಡಿ ಯಾಕೆ ಬೇಡ

ಇದನ್ನು ಮೆಕ್ಯಾನಿಕ್‌ಗಳಲ್ಲೂ ಎಲ್ಲರೂ ಹೇಳೋದಿಲ್ಲ. ನಮ್ಮ ಕಡೆ ಡೈನಮೋ ಅಂತ ಕರೆಯೋ ಆಲ್ಟರ್ನೇಟರ್ ಕರೆಂಟ್ ಹುಟ್ಟಿಸಬೇಕಾದರೆ ಅದರೊಳಗಿನ ಸುರುಳಿಗೆ ಮೊದಲು ಸ್ವಲ್ಪ ಕರೆಂಟ್ ಕೊಟ್ಟು ಅಯಸ್ಕಾಂತ ಮಾಡಬೇಕು. ಬಾವಿ ಪಂಪ್ ಎಳೆಯೋದಕ್ಕೆ ಮುಂಚೆ ನೀರು ತುಂಬಿಸ್ತೀವಲ್ಲ, ಹಾಗೆ. ಹಳೆ ಮಾದರಿಯ ಹಲವು ಟ್ರ್ಯಾಕ್ಟರ್, ಕಾರುಗಳಲ್ಲಿ ಈ ಮೊದಲ ಕರೆಂಟ್ ಹೋಗೋದು ಬ್ಯಾಟರಿ ದೀಪದ ಬಲ್ಬಿನ ಮೂಲಕವೇ. ಕೀ ಆನ್ ಮಾಡಿದಾಗ ಬಲ್ಬ್ ಹತ್ತೋದಕ್ಕೂ ಅದೇ ಕಾರಣ. ಆಲ್ಟರ್ನೇಟರ್ ತಾನೇ ಕರೆಂಟ್ ಹುಟ್ಟಿಸೋಕೆ ಶುರು ಮಾಡಿದ ಮೇಲೆ ಬಲ್ಬಿನ ಎರಡೂ ಕಡೆ ವೋಲ್ಟ್ ಸಮ ಆಗಿ ದೀಪ ಆರುತ್ತೆ.

ಲೆಕ್ಕ ನೋಡಿ. 3 ವ್ಯಾಟ್ ಬಲ್ಬ್ 12 ವೋಲ್ಟಿಗೆ 250 ಮಿಲಿ ಆಂಪಿಯರ್ ಬಿಡುತ್ತೆ. 1.2 ವ್ಯಾಟ್ ಬಲ್ಬ್ 100 ಮಿಲಿ ಆಂಪಿಯರ್ ಬಿಡುತ್ತೆ. ಒಂದು ಚಿಪ್ಪಿನ ಎಲ್‌ಇಡಿ ಬಿಡೋದು 20 ಮಿಲಿ ಆಂಪಿಯರ್ ಆಸುಪಾಸು. ಅಷ್ಟರಲ್ಲಿ ಸುರುಳಿ ಎಚ್ಚರ ಆಗದೇ ಇರಬಹುದು. ಗಾಡಿ ಓಡ್ತಿರುತ್ತೆ, ಚಾರ್ಜ್ ಮಾತ್ರ ಆಗ್ತಿರೋದಿಲ್ಲ. ಕೆಲವು ಗಾಡಿ ಜೋರಾಗಿ ರೇಸ್ ಮಾಡಿದ ಮೇಲೆ ಚಾರ್ಜ್ ಶುರು ಮಾಡ್ತವೆ. ಡೀಸೆಲ್ ಪಂಪ್ ಮೆಕ್ಯಾನಿಕಲ್ ಇರೋ ಹಳೆ ಟ್ರ್ಯಾಕ್ಟರ್ ಒಮ್ಮೆ ಸ್ಟಾರ್ಟ್ ಆದ ಮೇಲೆ ಬ್ಯಾಟರಿ ಇಳಿದರೂ ಓಡ್ತಾನೇ ಇರುತ್ತೆ, ಆದ್ದರಿಂದ ನಿಮಗೆ ಸುಳಿವೇ ಸಿಗಲ್ಲ. ಕಬ್ಬು ತುಂಬಿಕೊಂಡು ಹೋಗಿ ಕಾರ್ಖಾನೆ ಮುಂದಿನ ಸಾಲಲ್ಲಿ ರಾತ್ರಿ ನಿಲ್ಲಿಸ್ತೀರಿ, ಸಾಲು ಮುಂದೆ ಹೋದಾಗ ಸ್ಟಾರ್ಟೇ ಆಗಲ್ಲ. ಹಿಂದಿನವರೆಲ್ಲ ಹಾರ್ನ್ ಹೊಡೀತಾರೆ. ಮರುದಿನ ಹೊಸ ಬ್ಯಾಟರಿ ಹಾಕ್ತೀರಿ, ಅದೂ ಸ್ವಲ್ಪ ದಿನಕ್ಕೆ ಇಳಿಯುತ್ತೆ. ತಪ್ಪು ಬ್ಯಾಟರಿಯದ್ದಲ್ಲ, ಬಲ್ಬಿನದ್ದು.

ಹಾಗಾಗಿ ನನ್ನ ಸಲಹೆ ಸರಳ. ಬ್ಯಾಟರಿ ದೀಪಕ್ಕೆ ಕಂಪನಿ ಹೇಳಿದ ವ್ಯಾಟಿನ ಹಳೆ ಥರದ ಬಲ್ಬನ್ನೇ ಹೊಸದು ತಂದು ಹಾಕಿ. ಎಲ್‌ಇಡಿಯೇ ಬೇಕು ಅನ್ನೋರು ಅದರ ಎರಡು ತುದಿಗಳಿಗೆ ಸಮಾನಾಂತರವಾಗಿ ಒಂದು ರೆಸಿಸ್ಟರ್ ಹಾಕಬೇಕು. 3 ವ್ಯಾಟ್ ಬಲ್ಬಿನ ಬದಲಿಗಾದರೆ 47 ಓಮ್, 5 ವ್ಯಾಟಿನ ಸೆರಾಮಿಕ್ ರೆಸಿಸ್ಟರ್ ಸರಿಹೋಗುತ್ತೆ. ಅದು ಬಿಸಿಯಾಗುತ್ತೆ, ಪ್ಲಾಸ್ಟಿಕ್‌ಗೆ ತಾಗದ ಹಾಗೆ ಕೂರಿಸಬೇಕು. ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿದರೆ ಒಳ್ಳೇದು. ಹೊಸ ಗಾಡಿಗಳಲ್ಲಿ ಈ ವ್ಯವಸ್ಥೆ ಬೇರೆ ಇರುತ್ತೆ, ಅವಕ್ಕೆ ಈ ಲೆಕ್ಕ ಹಚ್ಚಬೇಡಿ.

ಆಯಿಲ್ ದೀಪಕ್ಕೆ ಎಲ್‌ಇಡಿ ನಡೆಯುತ್ತೆ, ದಿಕ್ಕು ಸರಿ ಇರಬೇಕು ಅಷ್ಟೆ. ಆದರೂ ನಾನು ನಮ್ಮ ಟ್ರ್ಯಾಕ್ಟರಿಗೆ ಅಲ್ಲೂ ಹಳೆ ಥರದ ಬಲ್ಬನ್ನೇ ಇಟ್ಟಿದ್ದೀನಿ. ಅದನ್ನು ಯಾವ ದಿಕ್ಕಿಗೆ ಹಾಕಿದರೂ ಹತ್ತುತ್ತೆ. ನಾಳೆ ಬೇರೆ ಯಾರೋ ಬಿಚ್ಚಿ ಹಾಕಿದರೂ ಕಾವಲು ತಪ್ಪಲ್ಲ.

ಇಂಡಿಕೇಟರ್ ದೀಪದ ಕಿರಿಕಿರಿ

ಮೀಟರಲ್ಲಿ ಎಡಕ್ಕೊಂದು ಬಲಕ್ಕೊಂದು ಹಸಿರು ಬಾಣ ಇದ್ದರೆ ಎಲ್‌ಇಡಿ ಹಾಕಬಹುದು. ಹಳೆ ಗಾಡಿಗಳಲ್ಲಿ ಎರಡಕ್ಕೂ ಸೇರಿ ಒಂದೇ ದೀಪ ಇರುತ್ತೆ. ಅದರ ಒಂದು ತುದಿ ಎಡಗಡೆ ವೈರಿಗೆ, ಇನ್ನೊಂದು ತುದಿ ಬಲಗಡೆ ವೈರಿಗೆ ಹೋಗಿದ್ದರೆ ಕರೆಂಟ್ ಒಮ್ಮೆ ಆ ಕಡೆಯಿಂದ, ಒಮ್ಮೆ ಈ ಕಡೆಯಿಂದ ಬರುತ್ತೆ. ಎಲ್‌ಇಡಿ ಹಾಕಿದರೆ ಒಂದು ಕಡೆ ತಿರುಗೋವಾಗ ಮಾತ್ರ ಮಿನುಗುತ್ತೆ. ಅಲ್ಲಿ ಹಳೆ ಬಲ್ಬ್ ಬಿಟ್ಟುಬಿಡಿ. ಹೊರಗಿನ ಇಂಡಿಕೇಟರ್ ಬಲ್ಬುಗಳಿಗೂ ಎಲ್‌ಇಡಿ ಹಾಕಿದರೆ ಫ್ಲ್ಯಾಷರ್ ಟಕಟಕ ಅಂತ ವಿಪರೀತ ಬೇಗ ಹೊಡೆಯಬಹುದು. ಅದಕ್ಕೆ ಎಲ್‌ಇಡಿಗೆ ಹೊಂದೋ ಫ್ಲ್ಯಾಷರ್ ಬೇಕಾಗುತ್ತೆ.

ಹೊಸ ಗಾಡಿಗಳ ಮೀಟರ್

ಈಚಿನ ಕಾರುಗಳಲ್ಲಿ ಹೋಲ್ಡರ್ ಇರೋದೇ ಇಲ್ಲ. ಅಕ್ಕಿ ಕಾಳಿನಷ್ಟು ಎಸ್‌ಎಂಡಿ ಎಲ್‌ಇಡಿಗಳನ್ನು ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. 3528 ಅಂತ ಕರೆಯೋದರ ಅಳತೆ 3.5 ಮಿಲಿಮೀಟರ್ ಉದ್ದ, 2.8 ಮಿಲಿಮೀಟರ್ ಅಗಲ. ಒಂದು ಹೋದರೆ ಅದನ್ನು ಕಿತ್ತು ಅದೇ ಅಳತೆ, ಅದೇ ಬಣ್ಣದ್ದನ್ನು ಬೆಸೆಯಬೇಕು. ಅದಕ್ಕೆ ಮುಳ್ಳು ತೆಗೆಯಬೇಕಾಗಿ ಬರಬಹುದು. ಬೆಸುಗೆ ಕೈ ಪಳಗದಿದ್ದರೆ ಮೀಟರ್ ರಿಪೇರಿ ಮಾಡೋರಿಗೇ ಕೊಡಿ. ಕೊಡೋ ಮುಂಚೆ ಓಡೋಮೀಟರ್ ಫೋಟೋ ತೆಗೆದಿಡಿ, ವಾಪಸ್ ಬಂದಾಗ ಹೋಲಿಸಿ. "ಕಿಲೋಮೀಟರ್ ಇಳಿಸಿಕೊಡ್ತೀನಿ" ಅನ್ನೋರ ಅಂಗಡಿಯಿಂದ ಹಾಗೇ ವಾಪಸ್ ಬನ್ನಿ. ಅದು ಮೋಸ, ಮುಂದೆ ಗಾಡಿ ಕೊಳ್ಳೋ ಇನ್ನೊಬ್ಬ ರೈತನಿಗೇ ಹೊಡೆತ.

ಬೆಳಕು ಜಾಸ್ತಿ ಆದ್ರೂ ಕಷ್ಟ

ರಾತ್ರಿ ಉಳುಮೆ ಮಾಡೋರು, ನಸುಕಿಗೆ ತರಕಾರಿ ತುಂಬಿಕೊಂಡು ಎಪಿಎಂಸಿಗೆ ಹೊರಡೋರು ಇದನ್ನು ಗಮನಿಸಿ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳೋಕೆ 20ರಿಂದ 30 ನಿಮಿಷ ಬೇಕು. ಎದುರಿಗೆ ಕಣ್ಣು ಕುಕ್ಕೋ ನೀಲಿ ಅಥವಾ ಅಚ್ಚಬಿಳಿ ಬೆಳಕಿದ್ದರೆ ಆ ಹೊಂದಿಕೆ ಕೆಡುತ್ತೆ. ದೀಪ ಇಲ್ಲದ ಎತ್ತಿನ ಗಾಡಿ, ರಸ್ತೆ ಬದಿ ನಡೆಯೋ ಜನ, ಗದ್ದೆಯ ಬದು ತಡವಾಗಿ ಕಾಣ್ತವೆ. ಹಳೆ ಬಲ್ಬಿಗೆ ಮಾಡಿದ ತಿರುಗುಣಿಯಿಂದ ಎಲ್‌ಇಡಿ ಬೆಳಕು ಸರಿಯಾಗಿ ಕಡಿಮೆಯಾಗದೇ ಇರಬಹುದು. ಅದಕ್ಕೇ ಮೊದಲಿಂದಲೇ ಸೌಮ್ಯವಾದ, ಸ್ವಲ್ಪ ಹಳದಿ ಬೆರೆತ ಬಿಳಿಯನ್ನು ಆರಿಸಿ. ರಾತ್ರಿ ಸೀಟಲ್ಲಿ ಕೂತು ನೋಡಿ. ಗಾಜಿನಲ್ಲಿ ಮೀಟರಿನ ಪ್ರತಿಬಿಂಬ ಎದ್ದು ಕಂಡರೆ ಬೆಳಕು ಜಾಸ್ತಿಯಾಗಿದೆ ಅಂತಲೇ.

ಮುಚ್ಚೋ ಮುಂಚೆ ಆರು ಪರೀಕ್ಷೆ

ಕನೆಕ್ಟರ್ ಹಾಕಿ, ಬ್ಯಾಟರಿ ಜೋಡಿಸಿ, ಸ್ಕ್ರೂ ಬಿಗಿಯೋ ಮೊದಲು ಇವನ್ನು ನೋಡಿ.

1. ಪಾರ್ಕಿಂಗ್ ಲೈಟ್ ಹಾಕಿದಾಗ ಎಲ್ಲ ಮೀಟರಿಗೂ ಬೆಳಕು ಬರಬೇಕು. ಬರದ ಕಡೆ ಎಲ್‌ಇಡಿ ತಿರುಗಿಸಿ ಹಾಕಿ.

2. ಕೀ ಆನ್ ಮಾಡಿದಾಗ ಆಯಿಲ್ ದೀಪ, ಬ್ಯಾಟರಿ ದೀಪ ಎರಡೂ ಹತ್ತಬೇಕು.

3. ಹೈಬೀಮ್, ಎಡ ಮತ್ತು ಬಲ ಇಂಡಿಕೇಟರ್, ಹ್ಯಾಂಡ್‌ಬ್ರೇಕ್ ದೀಪಗಳನ್ನು ಒಂದೊಂದಾಗಿ ನೋಡಿ.

4. ಕೇಬಲ್ ಬಿಡಿಸಿದ್ದರೆ ವಾಪಸ್ ಜೋಡಿಸಿ ಸ್ಟಾರ್ಟ್ ಮಾಡಿ. ಎರಡೂ ಕೆಂಪು ದೀಪ ಆರಬೇಕು. ಆಯಿಲ್ ದೀಪ ಆರದಿದ್ದರೆ ತಕ್ಷಣ ಇಂಜಿನ್ ಆಫ್ ಮಾಡಿ, ಡಿಪ್‌ಸ್ಟಿಕ್ ನೋಡಿ.

5. ಮಲ್ಟಿಮೀಟರ್ ಅನ್ನು ಬ್ಯಾಟರಿ ಮೇಲೆ ಇಡಿ. ಇಂಜಿನ್ ಆಫ್ ಇದ್ದಾಗ ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತೆ. ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ಟಾಗ 13.8ರಿಂದ 14.4 ಆಸುಪಾಸು ಬರಬೇಕು. 12ರ ಮೇಲೇ ನಿಂತು ಇಳೀತಾ ಹೋದರೆ ಚಾರ್ಜ್ ಆಗ್ತಿಲ್ಲ.

6. ಆರಿದ ಎಲ್‌ಇಡಿ ಯಾವುದಾದರೂ ಮಂದವಾಗಿ ಮಿನುಗ್ತಿದೆಯಾ ಅಂತ ಕತ್ತಲಲ್ಲಿ ನೋಡಿ. ಎಲ್‌ಇಡಿ ತೀರ ಕಡಿಮೆ ಕರೆಂಟಿಗೂ ಮಿನುಗುತ್ತೆ. ಎಚ್ಚರಿಕೆ ದೀಪ ಹಾಗೆ ಮಾಡಿದರೆ ಅಲ್ಲಿ ಹಳೆ ಬಲ್ಬನ್ನೇ ಹಾಕಿ.

ಎಲ್ಲ ಸರಿಯಿದ್ದರೆ ಸ್ಕ್ರೂ ಬಿಗಿದು ಮುಚ್ಚಿ. ಆಮೇಲೆ ಪ್ರತಿದಿನ ಗಾಡಿ ತೆಗೆಯೋವಾಗ ಒಂದು ಅಭ್ಯಾಸ ಇಟ್ಕೊಳ್ಳಿ. ಕೀ ಆನ್ ಮಾಡಿ ಎರಡೇ ಕ್ಷಣ ನಿಲ್ಲಿ, ಎರಡು ಕೆಂಪು ದೀಪ ಹತ್ತಿದ್ದನ್ನು ಕಣ್ಣಾರೆ ನೋಡಿ, ಆಮೇಲೆ ಸ್ಟಾರ್ಟ್ ಮಾಡಿ. ಮನೆಯಲ್ಲಿ ಗಾಡಿ ಓಡಿಸೋ ತಮ್ಮಂದಿರಿಗೂ, ಡ್ರೈವರಿಗೂ ಇದನ್ನು ಹೇಳಿಕೊಡಿ.